ಬಿಳಿನೊಣ ಬಿದ್ದ ಹದಿನಾಲ್ಕು ಕುಂಡಗಳು

ಬೇರಕ್ಕನ ಕೆಲಸ ಬೇರು ತೊಳೆಯುವುದು. ತರಕಾರಿ ಸಂಶೋಧನಾ ಕೇಂದ್ರದ ಹಿಂಭಾಗದಲ್ಲಿ, ಗಾಜಿನ ಮನೆಗೆ ಅಂಟಿಕೊಂಡಿದ್ದ ಉದ್ದನೆಯ ಕೋಣೆಯೊಂದರಲ್ಲಿ ಇಪ್ಪತ್ತೆರಡು ವರ್ಷದಿಂದ ಅವಳು ಅದನ್ನೇ ಮಾಡುತ್ತಿದ್ದಳು. ಕುಂಡವನ್ನು ಬೋರಲು ಹಾಕಿ ತಳಕ್ಕೆ ಎರಡೇಟು ಕೊಡಬೇಕು. ಈಚೆ ಬಂದ ಮಣ್ಣಿನ ಮುದ್ದೆಯನ್ನು ಬಕೆಟ್ಟಿನ ನೀರಿನಲ್ಲಿ ನೆನೆಯಲು ಬಿಡಬೇಕು. ಮಣ್ಣು ತಾನಾಗಿ ಸಡಿಲವಾದ ಮೇಲೆ ಬೇರನ್ನು ಜರಡಿಯ ಮೇಲಿಟ್ಟು ಸಣ್ಣ ಧಾರೆಯಲ್ಲಿ ತೊಳೆಯಬೇಕು. ಅವಸರ ಮಾಡಿದರೆ ಎಳೆಬೇರು ಕಿತ್ತು ನೀರಿನ ಜೊತೆ ಹೋಗಿಬಿಡುತ್ತದೆ, ಅಲ್ಲಿಗೆ ಮೂರು ತಿಂಗಳ ಪ್ರಯೋಗವೂ ಹೋದಂತೆಯೇ. ಕೊನೆಗೆ ಬಿಳಿ ತಟ್ಟೆಯಲ್ಲಿ ಬೇರನ್ನು ಹರಡಿಕೊಂಡು, ಭೂತಗನ್ನಡಿಯ ಕೆಳಗೆ ಗಂಟುಗಳನ್ನು ಎಣಿಸಬೇಕು. ಬರಿಗಣ್ಣಿಗೆ ಕಾಣದ ಜಂತುಹುಳುಗಳು ಮಣ್ಣಿನಿಂದ ಬೇರಿನೊಳಗೆ ಹೊಕ್ಕು, ಅಲ್ಲೇ ಠಿಕಾಣಿ ಹೂಡಿ, ಗಿಡದ ಸತ್ವ ಹೀರುತ್ತ ಕುಳಿತಾಗ ಬೇರು ಅಲ್ಲಲ್ಲಿ ಊದಿಕೊಳ್ಳುತ್ತದೆ. ಆ ಊತವೇ ಗಂಟು.

ಕೇಂದ್ರಕ್ಕೆ ಹೊಸಬರು ಬಂದರೆ ಉಳಿದವರೆಲ್ಲ ಮುಖ ನೋಡುತ್ತಾರೆ, ಬೇರಕ್ಕ ಮಾತ್ರ ಪಾದ ನೋಡುತ್ತಾಳೆ ಎಂದು ಜೊತೆಯವರು ತಮಾಷೆ ಮಾಡುತ್ತಿದ್ದರು. ಅವಳೂ ನಗುತ್ತಿದ್ದಳು. ದಾರಿಯ ಬದಿಯಲ್ಲಿ ಸೊರಗಿದ ಗಿಡ ಕಂಡರೆ ನಿಂತು ಕಿತ್ತು ನೋಡುವ ಚಟ ಅವಳಿಗೆ ನಿಜವಾಗಿಯೂ ಇತ್ತು.

ಈ ಕೆಲಸವನ್ನು ಅವಳಿಗೆ ಕಲಿಸಿದವರು ತಳಿ ವಿಜ್ಞಾನಿ. ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ, ಆದರೂ ಎಲ್ಲರ ಬಾಯಲ್ಲಿ ಅವರು ಮೇಷ್ಟ್ರು. ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು, ಮೊಣಕೈವರೆಗೆ ತೋಳು ಮಡಚಿಕೊಂಡು ಓಡಾಡುವ ಒಣಕಲು ಮನುಷ್ಯ. ಜೋರಾಗಿ ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ. ಕಸ ಗುಡಿಸಲು ಬಂದ ಹೆಂಗಸಿನ ಕೈ ಹಗುರವಾಗಿದೆ ಎಂದು ಗಮನಿಸಿ, ಅವಳನ್ನು ಭೂತಗನ್ನಡಿಯ ಮುಂದೆ ಕೂರಿಸಿದವರು ಅವರೇ. ಅವಳು ಬರೆದ ಸಂಖ್ಯೆಯನ್ನು ಅವರು ಮತ್ತೆ ಎಣಿಸಿ ನೋಡುತ್ತಿರಲಿಲ್ಲ. ಬೇರಕ್ಕನಿಗೆ ಅದಕ್ಕಿಂತ ದೊಡ್ಡ ಗೌರವ ಜೀವನದಲ್ಲಿ ಬೇರೆಲ್ಲೂ ಸಿಕ್ಕಿರಲಿಲ್ಲ.

ಮೇಷ್ಟ್ರು ತಮ್ಮ ಅರ್ಧ ಆಯಸ್ಸನ್ನು ಒಂದೇ ಟೊಮೆಟೊ ತಳಿಗೆ ಸುರಿದಿದ್ದರು. ಕಾಡು ಟೊಮೆಟೊ ಒಂದರಲ್ಲಿ ಈ ಹುಳುವನ್ನು ಬೇರಿನ ಬಾಗಿಲಲ್ಲೇ ತಡೆದು ನಿಲ್ಲಿಸುವ ಗುಣವಿತ್ತು. ಆ ಗುಣವನ್ನು ನಾವು ತಿನ್ನುವ ಟೊಮೆಟೊದೊಳಕ್ಕೆ ತರಲು ಅವರು ವರ್ಷ ವರ್ಷ ಗಿಡಕ್ಕೆ ಗಿಡ ಕೂಡಿಸಿದರು, ಆರಿಸಿದರು, ಎಸೆದರು. ಕೊನೆಗೆ ಉಳಿದದ್ದು ಹದಿನೇಳನೆಯ ಸಾಲು. ಅದಕ್ಕೊಂದು ಚೆಂದದ ಹೆಸರು ಆಮೇಲೆ ಬಂತಾದರೂ ಕೇಂದ್ರದವರೆಲ್ಲ ಕೊನೆಯವರೆಗೂ ಅದನ್ನು ಹದಿನೇಳು ಎಂದೇ ಕರೆದರು. ಹುಳು ತುಂಬಿದ ಮಣ್ಣಿನಲ್ಲಿ ಬೆಳೆಸಿದ ಹದಿನೇಳರ ಬೇರನ್ನು ಬೇರಕ್ಕ ತೊಳೆದಾಗ ತಟ್ಟೆಯಲ್ಲಿ ಬಾಚಿದ ಕೂದಲಿನಂತೆ ನೇರವಾಗಿ, ನಯವಾಗಿ ಹರಡಿಕೊಳ್ಳುತ್ತಿತ್ತು. ಪಕ್ಕದ ಮಾಮೂಲಿ ಗಿಡದ ಬೇರು ಶುಂಠಿಯ ಹಾಗೆ ಗಂಟುಗಂಟು.

ಪ್ರಯೋಗದ ಕೊನೆಯ ವರ್ಷ ಒಂದು ಸಣ್ಣ ಎಡವಟ್ಟಾಯಿತು. ಗಾಜಿನ ಮನೆಯ ಫ್ಯಾನಿಗೆ ಬಿಗಿದಿದ್ದ ಬಲೆ ಹರಿದು, ಔಷಧಿ ಹೊಡೆಯುವವನು ರಜೆಯಲ್ಲಿದ್ದ ವಾರವೇ ಬಿಳಿನೊಣ ಒಳಗೆ ನುಗ್ಗಿತು. ಫ್ಯಾನಿನ ಪಕ್ಕದ ಮೂರನೆಯ ಕಟ್ಟೆಯ ಮೇಲೆ ಹದಿನೇಳರ ಹದಿನಾಲ್ಕು ಕುಂಡಗಳಿದ್ದವು. ಎಲೆ ಅಲುಗಿಸಿದರೆ ಬೂದಿ ಹಾರಿದಂತೆ ನೊಣ ಏಳುತ್ತಿತ್ತು. ಉಳಿದ ಕಟ್ಟೆಗಳಿಗೆ ಹರಡುವ ಮುನ್ನ ಔಷಧಿ ಹೊಡೆದು ನಿಲ್ಲಿಸಿದರು. ಬೇರು ತೊಳೆಯುವ ದಿನ ಬಂದಾಗ ಬೇರಕ್ಕ ಆ ಹದಿನಾಲ್ಕನ್ನೂ ಉಳಿದವುಗಳ ಜೊತೆ ತೊಳೆದಳು. ತೊಳೆದು ತಟ್ಟೆಗೆ ಹಾಕಿದವಳು ಕುಂಡದ ಚೀಟಿಯನ್ನು ಎರಡು ಸಲ ಓದಿದಳು. ಬೇರಿನ ತುಂಬ ಗಂಟುಗಳಿದ್ದವು. ಒಂದರಲ್ಲಿ ಅರವತ್ತು, ಇನ್ನೊಂದರಲ್ಲಿ ಎಂಬತ್ತೆರಡು. ಹದಿನಾಲ್ಕನ್ನೂ ಎಣಿಸಿ ಪುಸ್ತಕದಲ್ಲಿ ಬರೆದು ಮೇಷ್ಟ್ರನ್ನು ಕರೆದಳು.

ಮೇಷ್ಟ್ರು ತಟ್ಟೆಯ ಮೇಲೆ ಬಗ್ಗಿ ಬಹಳ ಹೊತ್ತು ನೋಡಿದರು.

"ಇವನ್ನ ಸೇರಿಸೋ ಹಾಗಿಲ್ಲ," ಎಂದರು. "ನೊಣ ಬಿದ್ದ ಗಿಡ ಹಾಳಾದ ಗಿಡ. ನಾವು ನೋಡ್ತಿರೋದು ಹುಳ ಬೇರಿಗೆ ಏನು ಮಾಡುತ್ತೆ ಅಂತ. ಮಧ್ಯ ಇನ್ನೊಂದು ಕಾಟ ಬಂದ್ರೆ ಯಾವುದರಿಂದ ಏನಾಯ್ತು ಅಂತ ಹೇಳೋಕೇ ಆಗಲ್ಲ."

"ಎಲೆ ಮೇಲೆ ಕೂತಿದ್ದ ನೊಣ ಸಾರ್. ಬೇರಿಗೆ ಹೇಗೆ..."

"ಗಿಡ ಸೋತಿದ್ರೆ ಎಲ್ಲ ಕಾಯಿಲೆಗೂ ದಾರಿ. ಎಸೆದುಬಿಡಿ."

ಗಿಡಗಳು ಸೋತಂತೆ ಬೇರಕ್ಕನಿಗೆ ಕಂಡಿರಲಿಲ್ಲ. ಎಲೆ ಸ್ವಲ್ಪ ಅಂಟಂಟಾಗಿತ್ತು, ಅಷ್ಟೇ. ಕಾಂಡ ಗಟ್ಟಿಯಾಗಿಯೇ ಇತ್ತು. ಆದರೆ ಓದಿದವರು ಅವರು, ತಾನು ತೊಳೆಯುವವಳು. ಹದಿನಾಲ್ಕು ಸಂಖ್ಯೆಗಳ ಮೇಲೆ ಅಡ್ಡಗೀಟು ಎಳೆದು, ಬೇರುಗಳನ್ನು ಸುಡುವ ಡಬ್ಬಿಗೆ ಹಾಕಿ, ಕೈ ತೊಳೆದುಕೊಂಡು ಮನೆಗೆ ಹೋದಳು. ಮೇಷ್ಟ್ರು ಮೋಸ ಮಾಡಲಿಲ್ಲ. ಎಲ್ಲ ಕಡೆಯೂ ಪ್ರಯೋಗಗಳನ್ನು ಹಾಗೆಯೇ ಮಾಡುತ್ತಾರೆ, ಒಂದು ಸಲಕ್ಕೆ ಒಂದೇ ಶತ್ರು.

ಬೇರಕ್ಕನಿಗೆ ಒಬ್ಬಳೇ ತಂಗಿ, ಒಂಬತ್ತು ವರ್ಷ ಚಿಕ್ಕವಳು. ಅಮ್ಮ ಹೊಲಿಗೆ ಕಾರ್ಖಾನೆಗೆ ಹೋಗುತ್ತಿದ್ದ ಕಾಲದಲ್ಲಿ ಅವಳನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಬೇರಕ್ಕನೇ. ತಂಗಿ ಊರಂಚಿನಲ್ಲಿ ಸಸಿ ನರ್ಸರಿ ಇಟ್ಟಿದ್ದಳು. ನೆರಳುಬಲೆಯ ಕೆಳಗೆ ಸಾಲಾಗಿ ಟ್ರೇಗಳು, ಒಂದೊಂದು ಗುಳಿಯಲ್ಲಿ ಒಂದೊಂದು ಸಸಿ. ಬೀಜವನ್ನು ಎಷ್ಟು ಆಳಕ್ಕೆ ಒತ್ತಬೇಕು, ನೀರು ಯಾವಾಗ ತಡೆಹಿಡಿಯಬೇಕು ಎಂಬುದು ಅವಳ ಬೆರಳಿಗೇ ಗೊತ್ತಿತ್ತು. ಸಸಿಗಳನ್ನು ಅವಳ ಗಂಡ ವ್ಯಾನಿನಲ್ಲಿ ತೋಟ ತೋಟಕ್ಕೆ ಮುಟ್ಟಿಸುತ್ತಿದ್ದ. ಅಮ್ಮ ಹದಿನೈದು ದಿನ ಇವಳ ಮನೆ, ಹದಿನೈದು ದಿನ ಅವಳ ಮನೆ ಎಂದು ಒಂದು ಕೈಚೀಲ ಹಿಡಿದು ಓಡಾಡಿಕೊಂಡಿದ್ದಳು.

ಹದಿನೇಳು ಹೊರಬಂದಾಗ ತಂಗಿ ಅಕ್ಕನನ್ನು ಕೇಳಿದಳು. ನರ್ಸರಿಯ ಬಾಗಿಲಲ್ಲಿ ನಿಂತು, ಕೈಗಂಟಿದ ತೆಂಗಿನ ನಾರಿನ ಪುಡಿ ಕೊಡವುತ್ತ, ಇದನ್ನು ನಂಬಿ ಎಲ್ಲ ಟ್ರೇಗೂ ಹಾಕಬಹುದಾ ಎಂದಳು. ನನ್ನ ಕೈಯಾರೆ ತೊಳೆದಿದೀನಿ, ಒಂದು ಗಂಟೂ ಇಲ್ಲ ಎಂದಳು ಬೇರಕ್ಕ. ಆ ಮಾತು ಆಡುವಾಗ ಹದಿನಾಲ್ಕು ಕುಂಡಗಳು ನೆನಪಾಗಿದ್ದವೇ ಎಂದು ಮುಂದೆ ಅವಳು ತನ್ನನ್ನು ತಾನೇ ಎಷ್ಟೋ ಸಲ ಕೇಳಿಕೊಂಡಳು. ನೆನಪಾಗಿರಲಿಲ್ಲ. ಅಡ್ಡಗೀಟು ಎಳೆದದ್ದು ಮನಸ್ಸಿನಿಂದ ಅಷ್ಟು ಪೂರ್ತಿಯಾಗಿ ಅಳಿಸಿಹೋಗಿತ್ತು ಎನ್ನುವುದೇ ಅವಳಿಗೆ ಹೆಚ್ಚು ಹೆದರಿಕೆ ಹುಟ್ಟಿಸಿತು.

ಐದು ವರ್ಷ ಚೆನ್ನಾಗಿಯೇ ನಡೆಯಿತು. ಹುಳು ಹೊಕ್ಕು ಟೊಮೆಟೊ ಬೆಳೆಯುವುದನ್ನೇ ಬಿಟ್ಟಿದ್ದ ತೋಟಗಳಲ್ಲಿ ಮತ್ತೆ ಟೊಮೆಟೊ ಬಂತು. ತಂಗಿಯ ಸಸಿ ಎಂದರೆ ಕಣ್ಣುಮುಚ್ಚಿ ತೆಗೆದುಕೊಳ್ಳುವ ಮಟ್ಟಕ್ಕೆ ಜನ ಬಂದರು. ಎರಡನೆಯ ನೆರಳುಬಲೆ ಎದ್ದಿತು. ಮೇಷ್ಟ್ರಿಗೆ ಶಾಲು ಹೊದಿಸಿದರು. ಅವರು ಅದನ್ನು ಮಡಚಿ ಕುರ್ಚಿಯ ಮೇಲಿಟ್ಟು ಮತ್ತೆ ಗಾಜಿನ ಮನೆಗೆ ಬಂದರು.

ಆರನೆಯ ವರ್ಷ ಚಳಿಗಾಲ ಬರಲೇ ಇಲ್ಲ. ಚಳಿಗೆ ಸಾಯಬೇಕಿದ್ದ ಬಿಳಿನೊಣ ಸಾಯದೆ ಉಳಿದು, ನಾಟಿಯ ಹೊತ್ತಿಗೆ ಮೋಡದ ಹಾಗೆ ಎದ್ದಿತು. ಮನೆಗಳ ಮುಂದೆ ಒಣಹಾಕಿದ ಬಟ್ಟೆಯ ಮೇಲೂ ನೊಣ ಕೂರುತ್ತಿತ್ತು. ತೋಟದವರು ಎಲೆ ನೋಡಿ ಗೊಣಗಿದರು, ಔಷಧಿ ಹೊಡೆದರು, ಸ್ವಲ್ಪ ತಡವಾಗಿ ಹೊಡೆದರು. ಆರನೆಯ ವಾರಕ್ಕೆ ಮಧ್ಯಾಹ್ನದ ಬಿಸಿಲಿನಲ್ಲಿ ಗಿಡಗಳು ತಲೆ ಜೋತುಹಾಕತೊಡಗಿದವು. ಸಂಜೆ ಚೇತರಿಸಿಕೊಂಡವು. ಎಂಟನೆಯ ವಾರಕ್ಕೆ ಸಂಜೆಯೂ ಏಳಲಿಲ್ಲ. ಕಿತ್ತು ನೋಡಿದರೆ ಬೇರು ಶುಂಠಿ.

ಹದಿನೇಳಕ್ಕೆ ಹುಳು ಹತ್ತುವುದಿಲ್ಲ ಎಂದು ಕೇಂದ್ರವೇ ಹೇಳಿರುವಾಗ ತಪ್ಪು ಎಲ್ಲಿ ಎಂಬ ಪ್ರಶ್ನೆ ಎದ್ದಿತು. ಬೆಳೆಗಾರರ ಸಂಘದವರು ಮೇಷ್ಟ್ರಿಗೆ ಬರೆದು ಕೇಳಿದರು. ಮೇಷ್ಟ್ರು ತಮಗೆ ಗೊತ್ತಿದ್ದಷ್ಟನ್ನು ಪ್ರಾಮಾಣಿಕವಾಗಿ ಉತ್ತರಿಸಿದರು: ತಳಿಯಲ್ಲಿ ದೋಷವಿಲ್ಲ, ಬೇರಿನಲ್ಲಿ ಗಂಟು ಕಂಡಿದ್ದರೆ ಒಂದೋ ಬೇರೆ ಬೀಜ ಬೆರಕೆಯಾಗಿರಬೇಕು, ಇಲ್ಲವೇ ಸಸಿಗಳು ನರ್ಸರಿಯಲ್ಲೇ ಸೋಂಕು ಹತ್ತಿಸಿಕೊಂಡು ಬಂದಿರಬೇಕು. ಆ ಕಾಗದ ಒಂದೇ ದಿನದಲ್ಲಿ ಎಲ್ಲರ ಫೋನಿಗೂ ಹೋಯಿತು. ಸುತ್ತಲಿನ ತೋಟಗಳಿಗೆಲ್ಲ ಸಸಿ ಕೊಟ್ಟವಳು ಒಬ್ಬಳೇ.

ಮರುದಿನ ಬೆಳಿಗ್ಗೆ ತಂಗಿ ನರ್ಸರಿಯ ಗೇಟು ತೆಗೆದಾಗ ಒಣಗಿದ ಟೊಮೆಟೊ ಗಿಡಗಳ ರಾಶಿ ಅಡ್ಡ ಬಿದ್ದಿತ್ತು. ಯಾರು ತಂದು ಸುರಿದರೋ ತಿಳಿಯಲಿಲ್ಲ. ಅವಳು ಒಂದೊಂದನ್ನೇ ಎತ್ತಿ ಬೇರು ನೋಡಿ ಪಕ್ಕಕ್ಕಿಟ್ಟಳಂತೆ. ಬಯ್ಯಲಿಲ್ಲ, ಅಳಲೂ ಇಲ್ಲ. ಆಮೇಲೆ ಅವಳ ಗಂಡನ ವ್ಯಾನನ್ನು ತೋಟದವರು ರಸ್ತೆಯಿಂದಲೇ ವಾಪಸು ಕಳಿಸತೊಡಗಿದರು. ತಂಗಿ ಎಲ್ಲ ಟ್ರೇಗಳಿಂದ ಐದೈದು ಸಸಿ ಕಿತ್ತು ಒದ್ದೆ ಕಾಗದದಲ್ಲಿ ಸುತ್ತಿ ಅಕ್ಕನ ಬಳಿ ತಂದಳು. ಬೇರಕ್ಕ ಎರಡು ದಿನ ಕೂತು ತೊಳೆದು ನೋಡಿದಳು. ಒಂದರಲ್ಲೂ ಗಂಟಿರಲಿಲ್ಲ. ಹಾಗೆಂದು ಬರೆದೂ ಕೊಟ್ಟಳು. ಸಂಘದವರು ಕಾಗದ ಓದಿ, ಕೆಳಗಿನ ಸಹಿ ನೋಡಿ, ಅಕ್ಕ ತಂಗಿಗೆ ಇನ್ನೇನು ಬರೆದುಕೊಡುತ್ತಾಳೆ ಎಂದು ನಕ್ಕು ಮಡಚಿಟ್ಟರು.

ಆ ನಗು ಬೇರಕ್ಕನಿಗೆ ಚುಚ್ಚಿತು. ಇಪ್ಪತ್ತೆರಡು ವರ್ಷದಲ್ಲಿ ಅವಳ ಸಂಖ್ಯೆಯನ್ನು ಯಾರೂ ಅನುಮಾನಿಸಿರಲಿಲ್ಲ. ಒಂದು ರಜೆಯ ದಿನ ಬಸ್ಸು ಹಿಡಿದು ತಾನೇ ತೋಟಗಳಿಗೆ ಹೋದಳು. ಎರಡು ಕಡೆ ಒಳಗೆ ಬಿಡಲಿಲ್ಲ. ಮೂರನೆಯದು ಕಾಲುವೆ ತಿರುಗುವ ಮೂಲೆಯಲ್ಲಿದ್ದುದರಿಂದ ಅದರ ಯಜಮಾನನಿಗೆ ಮೂಲೆತೋಟದವನು ಎನ್ನುತ್ತಿದ್ದರು. ಮುಂಗೋಪಿ, ಆದರೆ ಮಾತು ಕೇಳುವ ಮನುಷ್ಯ. ನಿನ್ನ ತಂಗಿಯ ಪರವಾಗಿ ಬಂದಿದ್ದರೆ ಬಾಗಿಲಲ್ಲೇ ನಿಲ್ಲು, ಬೇರು ನೋಡೋಕೆ ಬಂದಿದ್ದರೆ ಒಳಗೆ ಬಾ ಎಂದ.

ಅವನಿಗೆ ಪಕ್ಕಪಕ್ಕದಲ್ಲಿ ಪ್ಲಾಸ್ಟಿಕ್ ಹೊದಿಸಿದ ಎರಡು ಪಾಲಿಹೌಸುಗಳಿದ್ದವು. ಎರಡಕ್ಕೂ ಒಂದೇ ದಿನ ಒಂದೇ ವ್ಯಾನಿನಿಂದ ಸಸಿ ಇಳಿದಿತ್ತು. ಎರಡರಲ್ಲೂ ಮಣ್ಣು ಹಳೆಯ ಹುಳುವಿನ ಮಣ್ಣೇ. ಒಂದರಲ್ಲಿ ಗಿಡ ನೆಲಕಚ್ಚಿತ್ತು. ಇನ್ನೊಂದರಲ್ಲಿ ಎದೆಯೆತ್ತರಕ್ಕೆ ನಿಂತು ಕಾಯಿ ಬಿಟ್ಟಿತ್ತು. ಸಸಿಯಲ್ಲೇ ಸೋಂಕಿದ್ದರೆ ಎರಡೂ ಬೀಳಬೇಕಿತ್ತು. ಬೇರಕ್ಕ ಎರಡು ಕಡೆಯೂ ಗಿಡ ಕೀಳಿಸಿ ಬೇರು ನೋಡಿದಳು. ಬಿದ್ದ ಕಡೆ ಗಂಟು, ನಿಂತ ಕಡೆ ನಯವಾದ ಬೇರು. ಎರಡಕ್ಕೂ ಏನು ವ್ಯತ್ಯಾಸ ಎಂದು ಕೇಳಿದಳು. ಏನೂ ಇಲ್ಲ, ಬಿದ್ದದ್ದರ ಬಲೆ ಗಾಳಿಗೆ ಹರಿದಿತ್ತು, ಒಂದು ತಿಂಗಳು ಹೊಲಿಸಲಾಗಲಿಲ್ಲ, ಬಿಳಿನೊಣ ತುಂಬಿಕೊಂಡಿತ್ತು ಎಂದ ಅವನು.

ಬೇರಕ್ಕ ಅಲ್ಲೇ ಸಾಲಿನ ನಡುವೆ ಕೂತುಬಿಟ್ಟಳು. ಬಿಸಿಲು ತಾಕಿತೇನೋ ಎಂದು ಅವನು ನೀರು ತರಿಸಿದ. ಅವಳ ಕಣ್ಣ ಮುಂದೆ ಹರಿದ ಬಲೆಯ ಫ್ಯಾನು, ಮೂರನೆಯ ಕಟ್ಟೆ, ಹದಿನಾಲ್ಕು ಚೀಟಿಗಳು ಒಂದೊಂದಾಗಿ ಬಂದವು.

ಮರುದಿನ ಹಳೆಯ ಪುಸ್ತಕಗಳ ಬೀರುವಿನಿಂದ ಆ ವರ್ಷದ್ದನ್ನು ಹುಡುಕಿ ತೆಗೆದು ಮೇಷ್ಟ್ರ ಮೇಜಿನ ಮೇಲೆ ಬಿಚ್ಚಿಟ್ಟಳು. ಅಡ್ಡಗೀಟಿನ ಕೆಳಗೆ ಅವಳದೇ ಅಕ್ಷರ ಇನ್ನೂ ಸ್ಪಷ್ಟವಾಗಿತ್ತು. ಮೂಲೆತೋಟದ ಎರಡು ಪಾಲಿಹೌಸುಗಳ ಕಥೆಯನ್ನೂ ಹೇಳಿದಳು. ಮೇಷ್ಟ್ರ ನಿವೃತ್ತಿಗೆ ನಾಲ್ಕು ತಿಂಗಳಿತ್ತು. ಇದನ್ನು ಮುಚ್ಚಿಟ್ಟು ನಾಲ್ಕು ತಿಂಗಳು ನೂಕಿದ್ದರೆ ಯಾರೂ ಕೇಳುತ್ತಿರಲಿಲ್ಲ. ಅವರು ಕನ್ನಡಕ ತೆಗೆದು ಒರೆಸಿಕೊಂಡರು, ಮತ್ತೆ ಹಾಕಿಕೊಂಡು ಹದಿನಾಲ್ಕು ಸಂಖ್ಯೆಗಳನ್ನು ಮೇಲಿನಿಂದ ಕೆಳಗೆ ಓದಿದರು.

"ನೀವು ಅವತ್ತೇ ಕೇಳಿದ್ರಿ," ಎಂದರು. "ಎಲೆ ಮೇಲಿನ ನೊಣ ಬೇರಿಗೆ ಹೇಗೆ ಅಂತ."

ಅವರು ಪುಸ್ತಕ ಮುಚ್ಚಿ ಎದ್ದರು.

"ಮತ್ತೆ ಮಾಡೋಣ. ಈ ಸಲ ನಾನೂ ತೊಳೀತೀನಿ."

ಹದಿನೇಳರ ಕುಂಡಗಳನ್ನು ನಾಲ್ಕು ಪಾಲು ಮಾಡಿದರು. ಒಂದು ಪಾಲಿಗೆ ಏನೂ ಇಲ್ಲ, ಒಂದಕ್ಕೆ ನೊಣ ಮಾತ್ರ, ಒಂದಕ್ಕೆ ಹುಳು ಮಾತ್ರ, ಒಂದಕ್ಕೆ ಎರಡೂ. ಪಾಲಿಗೊಂದು ಬಲೆಯ ಗೂಡು. ಫಲಿತಾಂಶಕ್ಕೆ ಐವತ್ತು ದಿನ ಕಾಯಬೇಕು. ಆ ಐವತ್ತು ದಿನ ಬೇರಕ್ಕ ತಂಗಿಗೆ ಏನೂ ಹೇಳಲಿಲ್ಲ. ಖಾತ್ರಿಯಾಗದೆ ಹೇಳಿದರೆ ಸುಮ್ಮನೆ ಆಸೆ ಹುಟ್ಟಿಸಿದಂತಾಗುತ್ತದೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಅದು ಅರ್ಧ ನಿಜ. ಹದಿನಾಲ್ಕು ಕುಂಡಗಳ ವಿಷಯ ಹೇಳಬೇಕಾಗುತ್ತದಲ್ಲ ಎಂಬುದು ಉಳಿದರ್ಧ.

ಅಮ್ಮನನ್ನು ಬಿಡುವ, ನೋಡುವ, ಕರೆತರುವ ನೆಪದಲ್ಲಿ ವಾರಕ್ಕೊಮ್ಮೆ ತಂಗಿಯ ಮನೆಗೆ ಹೋಗುತ್ತಿದ್ದಳು. ಹೋದಾಗಲೆಲ್ಲ ನರ್ಸರಿ ಸ್ವಲ್ಪ ಸ್ವಲ್ಪ ಬರಿದಾಗುತ್ತಿತ್ತು. ಮೊದಲು ಟ್ರೇಗಳಲ್ಲಿ ಸಸಿ ಬಲಿತು ಹಳದಿಯಾದವು. ಆಮೇಲೆ ಅವನ್ನು ಗುಂಡಿಗೆ ಹಾಕಿದರು. ಕೆಲಸದ ಇಬ್ಬರು ಹೆಂಗಸರು ಬರುವುದು ನಿಲ್ಲಿಸಿದರು. ತಂಗಿ ಖಾಲಿ ಟ್ರೇಗಳನ್ನು ತೊಳೆದು, ಒಣಗಿಸಿ, ಮತ್ತೆ ತೊಳೆಯುತ್ತಿದ್ದಳು. ಅವಳ ಗಂಡ ಕಲ್ಲುಪುಡಿ ಸಾಗಿಸುವವರ ಬಳಿ ವ್ಯಾನು ಓಡಿಸಲು ಹೋದ. ನನ್ನ ಕೈಯಲ್ಲೇ ಏನೋ ಊನ ಇರಬೇಕು ಅಕ್ಕ, ನೀರಿನಲ್ಲೋ ಪುಡಿಯಲ್ಲೋ ನನಗೇ ಗೊತ್ತಾಗದೆ ಏನೋ ಬೆರೆಸಿದೀನಿ ಎಂದು ತಂಗಿ ಒಂದು ಸಂಜೆ ಹೇಳಿದಳು. ಇನ್ನು ಹನ್ನೆರಡು ದಿನ ಎಂದು ಬೇರಕ್ಕ ಮನಸ್ಸಿನಲ್ಲೇ ಲೆಕ್ಕ ಹಾಕಿ, ಕಾಫಿ ಕುಡಿದು ಎದ್ದು ಬಂದಳು. ಐದು ದಿನ ಕಳೆದ ಮೇಲೆ ತಂಗಿ ನೆರಳುಬಲೆಯ ಚೌಕಟ್ಟನ್ನೂ ಬಿಚ್ಚಿಸಿ ಬೇರೆಯವರಿಗೆ ಕೊಟ್ಟುಬಿಟ್ಟಳು ಎಂದು ಅಮ್ಮ ಫೋನಿನಲ್ಲಿ ಹೇಳಿದಳು.

ಐವತ್ತನೆಯ ದಿನ ಬೆಳಿಗ್ಗೆಯಿಂದ ಮೇಷ್ಟ್ರು ಮತ್ತು ಬೇರಕ್ಕ ಒಂದೇ ತೊಟ್ಟಿಯ ಎರಡು ಕಡೆ ನಿಂತು ತೊಳೆದರು. ಹುಳು ಮಾತ್ರ ಬಿಟ್ಟ ಕುಂಡಗಳಲ್ಲಿ ಸೊನ್ನೆ, ಎರಡು, ಸೊನ್ನೆ, ಒಂದು. ಮೇಷ್ಟ್ರ ಮುಖ ಸ್ವಲ್ಪ ಅರಳಿತು, ತಳಿ ಸುಳ್ಳಲ್ಲ. ಎರಡೂ ಬಿಟ್ಟ ಪಾಲಿನ ಮೊದಲ ಕುಂಡ ಬೋರಲು ಹಾಕಿದಾಗ ಇಬ್ಬರಿಗೂ ತೊಳೆಯುವ ಮುಂಚೆಯೇ ಗಂಟು ಕಂಡಿತು. ಆದರೂ ತೊಳೆದು, ಆದರೂ ಎಣಿಸಿದರು. ತೊಂಬತ್ತೊಂದು. ನೂರ ಆರು. ಎಪ್ಪತ್ತೆಂಟು. ಬೇರಕ್ಕ ಹೇಳುತ್ತ ಹೋದಳು, ಮೇಷ್ಟ್ರು ಬರೆಯುತ್ತ ಹೋದರು. ಸ್ವಲ್ಪ ಹೊತ್ತಿನ ಮೇಲೆ ಪೆನ್ಸಿಲಿನ ಸದ್ದು ನಿಂತಿತು. ತಿರುಗಿ ನೋಡಿದರೆ ಮೇಷ್ಟ್ರು ಸ್ಟೂಲಿನ ಮೇಲೆ ಕೂತು ಒದ್ದೆ ಕೈಗಳನ್ನು ಮಡಿಲಲ್ಲಿಟ್ಟುಕೊಂಡಿದ್ದರು.

ನೊಣ ಎಲೆಯ ರಸ ಹೀರತೊಡಗಿದಾಗ ಗಿಡ ತನ್ನ ರಕ್ಷಣೆಯ ಬಲವನ್ನೆಲ್ಲ ಮೇಲಕ್ಕೆ ಕಳಿಸುತ್ತದೆ, ಆ ಹೊತ್ತಿನಲ್ಲಿ ಬೇರಿನ ತಡೆ ಸಡಿಲಾಗುತ್ತದೆ, ಹುಳುವಿಗೆ ಅಷ್ಟು ಸಂದು ಸಾಕು ಎಂದು ಅವರು ನಿಧಾನವಾಗಿ ವಿವರಿಸಿದರು. ಅವಳಿಗೆ ಹೇಳಿದರೋ ತಮಗೇ ಹೇಳಿಕೊಂಡರೋ ತಿಳಿಯಲಿಲ್ಲ. ಎಳೆಗಿಡದಲ್ಲಿ ಮೊದಲ ನಾಲ್ಕು ವಾರ ನೊಣ ತಡೆದಿದ್ದರೆ ಬೇರು ತನ್ನನ್ನು ತಾನು ಕಾಯ್ದುಕೊಳ್ಳುತ್ತಿತ್ತು.

"ಬೀಜದ ಪೊಟ್ಟಣದ ಮೇಲೆ ಒಂದು ಸಾಲು ಸಾಕಾಗಿತ್ತು," ಎಂದರು. "ಮೊದಲ ತಿಂಗಳು ಬಲೆ ಹರಿಯದ ಹಾಗೆ ನೋಡ್ಕೊಳ್ಳಿ ಅಂತ. ಒಂದೇ ಸಾಲು. ನಾನು ನೊಣಾನ ಗಾಜಿನ ಮನೆಯಿಂದ ಆಚೆ ಇಟ್ಟು ಗೆದ್ದೆ ಅಂದ್ಕೊಂಡೆ. ತೋಟದಲ್ಲಿ ಅದನ್ನ ಆಚೆ ಇಡೋರು ಯಾರು?"

ಅಂದೇ ಮಧ್ಯಾಹ್ನ ಬೇರಕ್ಕ ತಂಗಿಯ ಮನೆಗೆ ಹೋದಳು. ಅಮ್ಮ ಒಳಗೆ ಮಲಗಿದ್ದಳು. ತಂಗಿ ಹಿಂಬಾಗಿಲ ಮೆಟ್ಟಿಲ ಮೇಲೆ ಕೂತಿದ್ದಳು. ಎದುರಿಗೆ ಚೌಕಟ್ಟು ಕಿತ್ತ ಗುಂಡಿಗಳು ಸಾಲಾಗಿ ಬಾಯಿ ತೆರೆದುಕೊಂಡಿದ್ದವು. ಬೇರಕ್ಕ ನಿಂತುಕೊಂಡೇ ಎಲ್ಲ ಹೇಳಿದಳು. ಸಸಿಯಲ್ಲಿ ಏನೂ ಊನವಿರಲಿಲ್ಲ ಎಂದಳು. ನೊಣದ ವಿಷಯ, ಎರಡು ಪಾಲಿಹೌಸು, ಈ ದಿನದ ಸಂಖ್ಯೆಗಳು. ಕೊನೆಗೆ ಹದಿನಾಲ್ಕು ಕುಂಡಗಳು.

ತಂಗಿ ಪೂರ್ತಿ ಕೇಳಿದಳು.

"ಆ ಕುಂಡಗಳು ಎಷ್ಟು ವರ್ಷದ ಹಿಂದಿನ ಮಾತು?"

"ಏಳು."

"ಅದು ನೆನಪಾಗಿದ್ದು ಯಾವಾಗ?"

ಬೇರಕ್ಕ ಸುಳ್ಳು ಹೇಳಬಹುದಿತ್ತು. ಈ ದಿನ, ಎರಡು ದಿನದ ಹಿಂದೆ, ಏನಾದರೂ ಹೇಳಬಹುದಿತ್ತು.

"ಎರಡು ತಿಂಗಳಾಯ್ತು. ಖಾತ್ರಿ ಮಾಡ್ಕೊಂಡು ಹೇಳೋಣ ಅಂತ..."

ತಂಗಿ ತಲೆಯಾಡಿಸಿದಳು. ಸಿಟ್ಟು ಕಾಣಲಿಲ್ಲ, ಬಹಳ ದಣಿದವರು ಮಾತಾಡುವ ಹಾಗೆ ಮಾತಾಡಿದಳು.

"ಏಳು ವರ್ಷದ್ದು ಬಿಡು. ದೊಡ್ಡವರು ಎಸೆ ಅಂದ್ರು, ಎಸೆದೆ. ನಾನಾಗಿದ್ರೂ ಎಸೀತಿದ್ದೆ. ಆದ್ರೆ ನನ್ನ ಕೈಯಲ್ಲೇ ಊನ ಇದೆ ಅಂತ ನಿನ್ನ ಮುಂದೆ ಹೇಳ್ದೆ ಅಲ್ವಾ ಅಕ್ಕ. ಇಲ್ಲೇ ಕೂತಿದ್ದೆ. ಕಾಫಿ ಕುಡಿದು ಹೋದೆ."

ಒಳಗಿನಿಂದ ಅಮ್ಮ ಯಾರು ಬಂದದ್ದು ಎಂದು ಕೂಗಿದಳು. ತಂಗಿ ಎದ್ದು ಒಳಗೆ ಹೋದಳು, ಮತ್ತೆ ಹೊರಗೆ ಬರಲಿಲ್ಲ.

ಮೇಷ್ಟ್ರು ಅದೇ ವಾರ ಸಂಘದ ಸಭೆಗೆ ಹೋಗಿ ತಮ್ಮ ಕಾಗದವನ್ನು ವಾಪಸು ಪಡೆದರು. ಬರೆದು ಕಳಿಸಿದರೆ ಸಾಕು ಎಂದು ಮೇಲಿನವರು ಹೇಳಿದರೂ ಕೇಳದೆ, ಹೊಸ ಫಲಿತಾಂಶವನ್ನು ತಾವೇ ನಿಂತು ಓದಿದರು. ನರ್ಸರಿಯವರದು ಎಳ್ಳಷ್ಟೂ ತಪ್ಪಿಲ್ಲ, ತಪ್ಪು ನನ್ನದು ಎಂದು ಎರಡು ಸಲ ಹೇಳಿದರು. ಬೇರಕ್ಕ ಹಿಂದಿನ ಸಾಲಿನಲ್ಲಿ ಕೂತಿದ್ದಳು, ತಂಗಿಯ ಗಂಡ ಬಾಗಿಲಿಗೊರಗಿ ನಿಂತಿದ್ದ. ಜನ ಬೈದಿದ್ದರೆ ಚೆನ್ನಾಗಿತ್ತು, ಯಾರೂ ಬೈಯಲಿಲ್ಲ. ಮುಂದಿನ ನಾಟಿಗೆ ಯಾವ ಔಷಧಿ, ಎಷ್ಟು ದಿನಕ್ಕೊಮ್ಮೆ ಎಂದು ಕೇಳಿ ಬರೆದುಕೊಂಡರು. ಹಾಗಾದ್ರೆ ಆ ಹೆಣ್ಣುಮಗಳ ಗೇಟಿಗೆ ಕಸ ಸುರಿದವರು ಹೋಗಿ ಕ್ಷಮೆ ಕೇಳಿ ಬರಬೇಕು ಎಂದು ಮೂಲೆತೋಟದವನು ಎದ್ದು ಹೇಳಿದ. ಎಲ್ಲರೂ ಹೌದು ಹೌದು ಎಂದರು. ಹೋದವನು ಅವನೊಬ್ಬನೇ. ಉಳಿದವರು ಅಷ್ಟು ಹೊತ್ತಿಗೆ ದೂರದ ಇನ್ನೊಂದು ನರ್ಸರಿಗೆ ಸಸಿ ಹೇಳಿಯಾಗಿತ್ತು.

ಮತ್ತೆ ಶುರು ಮಾಡು, ಮೊದಲ ಟ್ರೇ ನನಗೇ ಕೊಡು ಎಂದು ಮೂಲೆತೋಟದವನು ತಂಗಿಯನ್ನು ಕೇಳಿದನಂತೆ. ಕೈಗೆ ಧೈರ್ಯ ಇಲ್ಲ ಎಂದಳಂತೆ. ತನ್ನ ತಪ್ಪಿಲ್ಲ ಎಂದು ತಿಳಿದ ಮೇಲೂ ಬೀಜ ಒತ್ತುವಾಗ ಬೆರಳು ಹಿಂಜರಿಯುತ್ತದೆ ಎಂದು ಅಮ್ಮನ ಬಳಿ ಹೇಳಿಕೊಂಡಿದ್ದಳು. ಹಣ್ಣು ವಿಂಗಡಿಸಿ ಪೆಟ್ಟಿಗೆಗೆ ತುಂಬುವ ಶೆಡ್ಡಿನಲ್ಲಿ ಅವಳಿಗೆ ಕೆಲಸ ಸಿಕ್ಕಿತು. ಎಂಟು ಗಂಟೆ ನಿಂತಿರಬೇಕು. ಅಲ್ಲಿಗೆ ಬರುವ ಹಣ್ಣು ಯಾರು ಬೆಳೆದದ್ದು ಎಂದು ಅವಳು ಕೇಳುವುದಿಲ್ಲವಂತೆ.

ಮೇಷ್ಟ್ರು ನಿವೃತ್ತಿಯ ದಿನ ಬೀಳ್ಕೊಡುಗೆ ಬೇಡ ಎಂದರು. ಬೇರು ತೊಳೆಯುವ ಕೋಣೆಗೆ ಬಂದು ಭೂತಗನ್ನಡಿಯನ್ನು ಒರೆಸಿಟ್ಟು ಹೋದರು. ಆಮೇಲೆ ಆ ಕಡೆ ಸುಳಿಯಲಿಲ್ಲ. ಅವರ ಜಾಗಕ್ಕೆ ಬಂದ ಹುಡುಗಿ ಬೇರಕ್ಕನಿಗೆ ಮಗಳಾಗಬಹುದಾದ ವಯಸ್ಸಿನವಳು. ಹೋಗುವ ಮುನ್ನ ಮೇಷ್ಟ್ರು ಬರೆದಿಟ್ಟ ನಿಯಮವನ್ನು ಅವಳು ಬದಲಿಸಲಿಲ್ಲ. ಇನ್ನು ಮೇಲೆ ಪ್ರತಿ ತಳಿಯನ್ನೂ ಎರಡು ಗೂಡಿನಲ್ಲಿ ಪರೀಕ್ಷಿಸಬೇಕು, ಒಂದು ನೊಣವಿಲ್ಲದ್ದು, ಒಂದು ನೊಣ ಬಿಟ್ಟದ್ದು. ಮೊದಲ ಸುತ್ತಿನಲ್ಲಿ ಮೂವತ್ತೊಂದು ತಳಿ ಇಟ್ಟರು. ನೊಣದ ಗೂಡಿನಲ್ಲಿ ಬೇರಿಗೆ ಗಂಟು ಬರದೆ ಎರಡು ಉಳಿದವು.

ಅಮ್ಮನ ಕಣ್ಣಿನ ಪೊರೆ ತೆಗೆಸುವ ದಿನ ಅಕ್ಕ ತಂಗಿ ಆಸ್ಪತ್ರೆಯಲ್ಲಿ ಒಟ್ಟಿಗೆ ಕೂರಬೇಕಾಯಿತು. ಎಂಟು ತಿಂಗಳಿಂದ ಅಮ್ಮನನ್ನು ಮತ್ತು ಅವಳ ಕೈಚೀಲವನ್ನು ಒಬ್ಬರ ಬಾಗಿಲಿನಿಂದ ಇನ್ನೊಬ್ಬರ ಬಾಗಿಲಿಗೆ ದಾಟಿಸುವಾಗ ಆಡುವ ನಾಲ್ಕು ಮಾತು ಬಿಟ್ಟರೆ ಅವರ ನಡುವೆ ಮಾತಿರಲಿಲ್ಲ. ಉದ್ದನೆಯ ಕಾರಿಡಾರು, ಗೋಡೆಗೆ ತಾಗಿಸಿದ ಕಬ್ಬಿಣದ ಬೆಂಚು. ನಡುವೆ ಇನ್ನೊಬ್ಬರು ಕೂರುವಷ್ಟು ಜಾಗ ಬಿಟ್ಟು ಕೂತರು. ಬೇರಕ್ಕ ಎರಡು ತಳಿ ಉಳಿದ ವಿಷಯ ಹೇಳಿದಳು. ಹೇಳಬಾರದಿತ್ತೇನೋ ಎಂದು ಹೇಳಿದ ಮೇಲೆ ಅನ್ನಿಸಿತು. ತಂಗಿ ಆಗಲಿ ಎಂದಳು. ಇನ್ನೇನೂ ಕೇಳಲಿಲ್ಲ. ಅವಳ ಉಗುರು ಸಂದುಗಳು ಸ್ವಚ್ಛವಾಗಿದ್ದವು, ಅಂಗೈಯಲ್ಲಿ ಪೆಟ್ಟಿಗೆಯ ಅಂಚು ಒತ್ತಿದ ಕೆಂಪು ಗೆರೆಗಳಿದ್ದವು.

ಅಮ್ಮನನ್ನು ಒಂದು ಕಣ್ಣಿಗೆ ಬಟ್ಟೆ ಕಟ್ಟಿ ಕರೆತಂದರು. ಇನ್ನೊಂದು ಕಣ್ಣು ಮೊದಲೇ ಮಂಜು. ಇಬ್ಬರೂ ಎದ್ದು ಎರಡು ಕಡೆ ಹಿಡಿದುಕೊಂಡರು.

"ಈ ಕಡೆ ಯಾರು?" ಎಂದಳು ಅಮ್ಮ.

"ನಾನು, ದೊಡ್ಡೋಳು," ಎಂದಳು ಬೇರಕ್ಕ.

ಬಸ್ ನಿಲ್ದಾಣದವರೆಗೆ ಮೂವರೂ ನಿಧಾನವಾಗಿ ನಡೆದರು. ಕಣ್ಣಿಗೆ ಹನಿ ಹಾಕುವಾಗ ಡಾಕ್ಟರು ತನಗೆ ವಯಸ್ಸೆಷ್ಟು ಎಂದು ಕೇಳಿದ್ದು, ತಾನು ಎರಡು ವರ್ಷ ಕಡಿಮೆ ಹೇಳಿದ್ದು, ಇಬ್ಬರೂ ನಕ್ಕದ್ದು, ಎಲ್ಲವನ್ನೂ ಅಮ್ಮ ದಾರಿಯುದ್ದಕ್ಕೂ ಹೇಳುತ್ತಿದ್ದಳು. ಅಕ್ಕ ತಂಗಿ ಅವಳ ತಲೆಯ ಮೇಲಿನಿಂದ ಹನಿಯ ಸರದಿ ಹಂಚಿಕೊಂಡರು. ಬೆಳಿಗ್ಗೆ, ಮಧ್ಯಾಹ್ನ, ಸಂಜೆ. ಈ ಹದಿನೈದು ದಿನ ತಂಗಿಯ ಮನೆ, ಮುಂದಿನ ಹದಿನೈದು ದಿನ ಅಕ್ಕನದು. ಬಸ್ಸು ಬಂತು. ತಂಗಿ ಅಮ್ಮನನ್ನು ಹತ್ತಿಸಿ ಕಿಟಕಿಯ ಪಕ್ಕ ಕೂರಿಸಿದಳು, ತಾನೂ ಕೂತಳು. ಹನಿಯ ಶೀಷೆ ಹಿಡಿದ ಕೈಯನ್ನು ಅಮ್ಮ ಕಿಟಕಿಯಿಂದ ಬೀಸಿದಳು, ಬೇರಕ್ಕ ನಿಂತಿದ್ದ ಕಡೆಗಲ್ಲ, ಸ್ವಲ್ಪ ಆಚೆಗೆ. ತಂಗಿ ಆ ಕೈಯನ್ನು ಹಿಡಿದು ಮೆಲ್ಲಗೆ ಒಳಗೆ ತೆಗೆದುಕೊಂಡಳು.